ಅಂಕ ಎಣಿಸದ ಆಟ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

'ವಿದ್ಯಾರ್ಥಿ ಮತ್ತು ವಿರಾಮದ ವೇಳೆ' ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಸೂಚಿಸಿದಾಗ ನಾನು ಒಂದು ವಿಡಿಯೋ ಗೇಮ್ ಬಗ್ಗೆ ಮಾತನಾಡುತ್ತೇನೆ ಎಂದೆ. ಅವರು ನಕ್ಕು, "ಬೈಯುವುದಕ್ಕೆ ತಾನೇ ಮಾಸ್ತರೇ?" ಎಂದು ಕೇಳಿದರು. ನೀವೂ ಹಾಗೆಯೇ ಎಣಿಸಿರಬಹುದು. ಉರ್ದು, ಕನ್ನಡ ಎರಡನ್ನೂ ಪಾಠ ಮಾಡುವ ಮೇಷ್ಟ್ರು ವಿಡಿಯೋ ಗೇಮ್ ಎಂಬ ಹೆಸರೆತ್ತಿದರೆ ಅದು ಬೈಗುಳಕ್ಕೇ ಎಂಬುದು ಎಲ್ಲರ ನಂಬಿಕೆ. ಇಂದು ಬೈಗುಳ ಇಲ್ಲ. ಒಂದು ತಪ್ಪಿನ ಕಥೆ ಇದೆ, ಆ ತಪ್ಪು ವಿದ್ಯಾರ್ಥಿಯದಲ್ಲ, ನನ್ನದು.

ಕಳೆದ ಬೇಸಿಗೆ ರಜೆಯಲ್ಲಿ ನಾನು ನನ್ನ ಆಪಾ ಮನೆಗೆ ಹೋಗಿದ್ದೆ. ನಮ್ಮ ಭಾವ ಗಲ್ಫ್‌ನಲ್ಲಿ ದುಡಿಯುತ್ತಿದ್ದಾಗ ದೊಡ್ಡ ಮಗನಿಗೆಂದು ಒಂದು 'ವೀ' ಯಂತ್ರವನ್ನು ತಂದುಕೊಟ್ಟಿದ್ದರು. ನಿಂಟೆಂಡೋ ಎಂಬ ಜಪಾನಿನ ಕಂಪನಿ 2006ರಲ್ಲಿ ಹೊರತಂದ, ಟಿ.ವಿ.ಗೆ ಜೋಡಿಸಿ ಆಡುವ ಬಿಳಿ ಪೆಟ್ಟಿಗೆ ಅದು. ಅದರ ತಯಾರಿಕೆ ನಿಂತು ಎಷ್ಟೋ ವರ್ಷಗಳಾದರೂ ಆಪಾ ಅದರ ಮೇಲೆ ಬಟ್ಟೆ ಹೊದಿಸಿ ಜೋಪಾನ ಮಾಡಿರುವುದರಿಂದ ಇನ್ನೂ ನಡೆಯುತ್ತಿದೆ. ಈಗ ಅದರ ಒಡೆಯ ಅವರ ಕಿರಿಯ ಮಗ, ಹನ್ನೊಂದು ವರ್ಷದ ಹುಡುಗ. ಅವನಿಗೆ ಪ್ರಿಯವಾದದ್ದು ಅದರಲ್ಲಿನ ಟೇಬಲ್ ಟೆನ್ನಿಸ್. 2009ರಲ್ಲಿ ಬಂದ 'ವೀ ಸ್ಪೋರ್ಟ್ಸ್ ರೆಸಾರ್ಟ್' ಎಂಬ ಡಿಸ್ಕ್‌ನಲ್ಲಿರುವ ಆಟಗಳಲ್ಲಿ ಅದೂ ಒಂದು.

ನೋಡದವರಿಗಾಗಿ ಹೇಳುತ್ತೇನೆ. ಕೈಯಲ್ಲಿ ರಿಮೋಟ್‌ನಂಥದ್ದೊಂದು ಉಪಕರಣ ಇರುತ್ತದೆ. ಅದು ಕೈಜಾರಿ ಹೋಗಿ ಟಿ.ವಿ.ಗೆ ಬಡಿಯದಿರಲೆಂದು ಮಣಿಕಟ್ಟಿಗೆ ಒಂದು ಪಟ್ಟಿ ಹಾಕಿಕೊಳ್ಳಬೇಕು. ಕೈ ಬೀಸಿದ ವೇಗವನ್ನೂ ಕೈ ತಿರುಗಿದ ಬಗೆಯನ್ನೂ ಅಳೆಯುವ ಪುಟ್ಟ ಪುಟ್ಟ ಸೆನ್ಸರ್‌ಗಳು ಅದರೊಳಗಿವೆ. ನೀವು ಕೈ ಬೀಸಿದರೆ ಪರದೆಯ ಮೇಲಿನ ಗೊಂಬೆ ಬ್ಯಾಟ್ ಬೀಸುತ್ತದೆ. ಮಣಿಕಟ್ಟು ತಿರುಚಿದರೆ ಚೆಂಡು ಸ್ಪಿನ್ ಆಗುತ್ತದೆ. ಆದರೆ ಚೆಂಡಿನ ಕಡೆಗೆ ಓಡುವ ಕೆಲಸವನ್ನು ಗೊಂಬೆ ತಾನೇ ಮಾಡಿಕೊಳ್ಳುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ಸರಿಯಾದ ಗಳಿಗೆಯಲ್ಲಿ ಹೊಡೆಯುವುದು ಮಾತ್ರ. ಅಂಕವನ್ನು ಯಂತ್ರವೇ ಎಣಿಸುತ್ತದೆ.

ಹುಡುಗ ಕುಣಿದು, ಬೆವರಿ, ಪೂರ್ತಿ ತೋಳು ಬೀಸಿ ಆಡುತ್ತಿದ್ದ. ನಾನೋ ಎರಡೇ ದಿನದಲ್ಲಿ ಉಪಾಯ ಕಂಡುಕೊಂಡೆ. ದಿವಾನದ ಮೇಲೆ ಒರಗಿ ಕುಳಿತು ಮಣಿಕಟ್ಟನ್ನಷ್ಟೇ ಅಲ್ಲಾಡಿಸಿದರೂ ಚೆಂಡು ಹಿಂದಿರುಗುತ್ತಿತ್ತು. "ಮಾಮು, ಎದ್ದು ನಿಂತು ಆಡಿ, ಕೂತು ಆಡಿದರೆ ಅದು ಆಟವೇ ಅಲ್ಲ" ಎಂದು ಅವನು ಗೋಗರೆಯುತ್ತಿದ್ದ. (ನಮ್ಮ ಮನೆಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.) ನಾನು ನಗುತ್ತಿದ್ದೆ, ಗೆಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹುಡುಗ ಸುಮ್ಮನೆ ಕೂರಲಿಲ್ಲ. ಊಟದ ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ನಡುವೆ ತನ್ನ ಹಳೆಯ ನೋಟ್‌ಬುಕ್‌ಗಳನ್ನು ಸಾಲಾಗಿ ನಿಲ್ಲಿಸಿ ನೆಟ್ ಮಾಡಿದ. ಪರೀಕ್ಷೆಗೆ ಒಯ್ಯುವ ಎರಡು ರಟ್ಟುಗಳೇ ಬ್ಯಾಟ್. ಪ್ಲಾಸ್ಟಿಕ್ ಚೆಂಡು ಎಲ್ಲಿಂದಲೋ ಸಿಕ್ಕಿತು. ನಿಜವಾದ ಟೇಬಲ್ ಟೆನ್ನಿಸ್ ಮೇಜು ಒಂಬತ್ತು ಅಡಿ ಉದ್ದ, ಐದು ಅಡಿ ಅಗಲ ಇರಬೇಕು. ನಮ್ಮದು ಅದರ ಅರ್ಧವೂ ಇರಲಿಲ್ಲ. ಆದರೂ ಆಟ ರಂಗೇರಿತು. ಇಲ್ಲಿ ಓಡಬೇಕಾದವನು ನಾನೇ ಆದ್ದರಿಂದ ನನಗೆ ಏದುಸಿರು ಬಂತು. ಹನ್ನೊಂದು ಅಂಕಕ್ಕೆ ಆಟ ಎಂದು ಮಾತಾಗಿತ್ತು. ಎಣಿಸುವ ಯಂತ್ರ ಇಲ್ಲ, ಬಾಯಲ್ಲೇ ಲೆಕ್ಕ. ಹುಡುಗ ಒಂಬತ್ತು, ನಾನು ಒಂಬತ್ತು.

ಆಗ ನಾನು ಹೊಡೆದ ಚೆಂಡು ಮೇಜಿಗೆ ತಾಗದೆ ಆಚೆ ಹೋಗಿ ನೆಲಕ್ಕೆ ಬಿತ್ತು. ಅದು ತಾಗಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಬಾಯಿಂದ ಬಂದ ಮಾತು, "ಅಂಚಿಗೆ ತಾಗಿತು ಬೇಟಾ, ಪಾಯಿಂಟ್ ನನ್ನದು."

ಹುಡುಗ ಚೆಂಡನ್ನು ನೋಡಿದ, ಮೇಜಿನ ಅಂಚನ್ನು ನೋಡಿದ, ಕೊನೆಗೆ ನನ್ನ ಮುಖ ನೋಡಿದ. "ಸರಿ ಮಾಮು" ಎಂದ. ಅಷ್ಟೇ. ಆ ಆಟವನ್ನು ನಾನು ಗೆದ್ದೆ.

ಮರುದಿನ ಕರೆಂಟು ಇರಲಿ ಇಲ್ಲದಿರಲಿ ಮೇಜಿನ ಮೇಲೇ ಆಡೋಣವೆಂದು ನಾನೇ ಕರೆದೆ. ಅವನು ರಿಮೋಟ್ ತಂದು ನನ್ನ ಕೈಗಿಟ್ಟು ಹೇಳಿದ: "ಬೇಡ ಮಾಮು, ಟಿ.ವಿ.ಯಲ್ಲೇ ಆಡೋಣ. ಅಲ್ಲಿ ಲೆಕ್ಕ ಅದೇ ಹಾಕುತ್ತದೆ."

ಮಿತ್ರರೇ, ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಮಳೆ ಬರುವಾಗ ಕೊಡೆ ತೆಗೆದುಕೊಂಡಂತೆ ಹುಡುಗ ತನಗೆ ತಿಳಿದ ಎಚ್ಚರಿಕೆ ವಹಿಸಿದ್ದ. ಬಿ.ಎಡ್. ಓದಿ, ತರಗತಿಯಲ್ಲಿ ಪ್ರಾಮಾಣಿಕತೆಯ ಮೇಲೆ ಪ್ರಬಂಧ ಬರೆಸುವ ಮಾಮುಗಿಂತ ಟಿ.ವಿ.ಯೊಳಗಿನ ಪೆಟ್ಟಿಗೆಯೇ ನಂಬಿಕೆಗೆ ಅರ್ಹ ಎಂದು ಅವನು ತೀರ್ಮಾನಿಸಿದ್ದ. ಅವನ ತೀರ್ಮಾನ ಸರಿಯಾಗಿತ್ತು.

ಊರಿಗೆ ಬಂದ ಮೇಲೆ ಟಿ.ವಿ. ಪರದೆಯ ಮೇಲೆ ಟೇಬಲ್ ಟೆನ್ನಿಸ್ ಮೊದಲು ಹೇಗೆ ಬಂತೆಂದು ಓದತೊಡಗಿದೆ. ಅಲ್ಲಿ ನನಗೆ ಪರಿಚಯವಾದವರು ರಾಲ್ಫ್ ಬೇಯರ್. 1922ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಯಹೂದಿ ಎಂಬ ಒಂದೇ ಕಾರಣಕ್ಕೆ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1938ರಲ್ಲಿ ಕುಟುಂಬ ಅಮೆರಿಕಕ್ಕೆ ಪಾರಾಯಿತು. ಅಲ್ಲಿ ಅವರು ಕಾರ್ಖಾನೆಯೊಂದರಲ್ಲಿ ಅಲ್ಪ ಕೂಲಿಗೆ ದುಡಿಯುತ್ತಲೇ ಅಂಚೆ ಮೂಲಕ ರೇಡಿಯೋ ರಿಪೇರಿ ಕಲಿತರು. ಯುದ್ಧದ ಸಮಯದಲ್ಲಿ ಸೈನ್ಯದಲ್ಲಿದ್ದು ಬಂದು, ಸೈನಿಕರಿಗೆ ಸರ್ಕಾರ ಕೊಟ್ಟ ಶಿಕ್ಷಣ ಸವಲತ್ತಿನಿಂದ ಶಿಕಾಗೋದಲ್ಲಿ ಟೆಲಿವಿಷನ್ ಎಂಜಿನಿಯರಿಂಗ್ ಪದವಿ ಪಡೆದದ್ದು 1949ರಲ್ಲಿ. ಶಾಲೆ ಬಾಗಿಲು ಹಾಕಿಕೊಂಡರೆ ಓದು ಮುಗಿಯಿತೆಂದು ಕೈಚೆಲ್ಲುವವರು ಈ ಬದುಕನ್ನು ಒಮ್ಮೆ ನೋಡಬೇಕು.

1966ರಲ್ಲಿ ನ್ಯೂಯಾರ್ಕಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಅವರಿಗೊಂದು ವಿಚಾರ ಹೊಳೆಯಿತು. ಮನೆಮನೆಯಲ್ಲೂ ಟಿ.ವಿ. ಇದೆ, ಜನ ಅದನ್ನು ಬರೀ ನೋಡುತ್ತಿದ್ದಾರೆ, ಅದರೊಂದಿಗೆ ಆಡುವಂತೆ ಮಾಡಿದರೆ ಹೇಗೆ? ಅದನ್ನು ಅಲ್ಲೇ ಗೀಚಿಕೊಂಡರು. ಆಫೀಸಿಗೆ ಬಂದು ನಾಲ್ಕು ಪುಟಗಳಲ್ಲಿ ವಿವರವಾಗಿ ಬರೆದು ಸೆಪ್ಟೆಂಬರ್ 1 ಎಂದು ತಾರೀಖು ಹಾಕಿದರು. ಆಗ ಅವರು ಕೆಲಸ ಮಾಡುತ್ತಿದ್ದದ್ದು ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ರಕ್ಷಣಾ ಇಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ. ಬಿಲ್ ಹ್ಯಾರಿಸನ್, ಬಿಲ್ ರಷ್ ಎಂಬ ಇಬ್ಬರು ಸಹೋದ್ಯೋಗಿಗಳು ಜೊತೆಯಾದರು. ಆಟಗಾರರ ಎರಡು ಚುಕ್ಕೆಗಳ ಜೊತೆಗೆ ಯಂತ್ರವೇ ಓಡಿಸುವ ಮೂರನೆಯ ಚುಕ್ಕೆ ಇರಲಿ ಎಂದು 1967ರಲ್ಲಿ ರಷ್ ಸೂಚಿಸಿದರು. ಆ ಮೂರನೆಯ ಚುಕ್ಕೆಯೇ ಚೆಂಡು! ಟೇಬಲ್ ಟೆನ್ನಿಸ್ ಹುಟ್ಟಿತು.

1972ರಲ್ಲಿ ಮ್ಯಾಗ್ನವಾಕ್ಸ್ ಎಂಬ ಟಿ.ವಿ. ಕಂಪನಿ ಇದನ್ನು 'ಒಡಿಸ್ಸಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮನೆಯ ಟಿ.ವಿ.ಯಲ್ಲಿ ಆಡುವಂತೆ ಮಾರಾಟವಾದ ಮೊದಲ ವಿಡಿಯೋ ಗೇಮ್ ಯಂತ್ರ ಅದೇ. ಬೆಲೆ ಸುಮಾರು 100 ಡಾಲರ್, ಒಟ್ಟು ಮಾರಾಟವಾದದ್ದು ಸುಮಾರು 3.5 ಲಕ್ಷ. ಪರದೆಯ ಮೇಲೆ ಎರಡು ಬಿಳಿ ಚೌಕ, ನಡುವೆ ಒಂದು ಗೆರೆ, ಓಡುವ ಒಂದು ಚುಕ್ಕೆ. ಆಟಗಾರರ ಕೈಯಲ್ಲಿ ತಿರುಗಿಸುವ ಗುಂಡಿಗಳು. ಒಂದು ಗುಂಡಿಯಿಂದ ಮೇಲೆ ಕೆಳಗೆ, ಇನ್ನೊಂದರಿಂದ ಹಿಂದೆ ಮುಂದೆ, ಮೂರನೆಯದರಿಂದ ಹೊಡೆದ ಚೆಂಡನ್ನು ಬಾಗಿಸಬಹುದಿತ್ತು. ಬಣ್ಣ ಇರಲಿಲ್ಲ. ಸದ್ದು ಇರಲಿಲ್ಲ.

ಇನ್ನೊಂದು ಇರಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಕುಳಿತೆ. ಆ ಯಂತ್ರಕ್ಕೆ ಅಂಕ ಎಣಿಸಲು ಬರುತ್ತಿರಲಿಲ್ಲ! ಇಂದಿನ ಚಿಪ್‌ಗಳಿಲ್ಲದೆ ಕೆಲವೇ ಟ್ರಾನ್ಸಿಸ್ಟರ್, ಡಯೋಡ್‌ಗಳಿಂದ ಕಟ್ಟಿದ ಯಂತ್ರ ಅದು. ಚೆಂಡು ಹೊರಗೆ ಹೋದರೆ ಒಂದು ಗುಂಡಿ ಒತ್ತಿ ಮತ್ತೆ ತರಬೇಕು. ಯಾರಿಗೆ ಎಷ್ಟು ಅಂಕ ಎಂಬುದನ್ನು ಆಡುವ ಇಬ್ಬರೇ ಎಣಿಸಿಕೊಳ್ಳಬೇಕು. ಅಂದರೆ ಮನೆಯೊಳಗೆ ಬಂದ ಮೊದಲ ಟಿ.ವಿ. ಟೇಬಲ್ ಟೆನ್ನಿಸ್, ಪಕ್ಕದಲ್ಲಿ ಕುಳಿತವನ ಮಾತನ್ನು ನಂಬದಿದ್ದರೆ ಆಡಲು ಆಗದ ಆಟವಾಗಿತ್ತು.

ಅಂಕವನ್ನೂ ಸದ್ದನ್ನೂ ಸೇರಿಸಿ ಅದೇ 1972ರಲ್ಲಿ ಬಂದದ್ದು ಅಟಾರಿ ಕಂಪನಿಯ 'ಪಾಂಗ್'. ಅದನ್ನು ಕಟ್ಟಿದವರು ಆ್ಯಲನ್ ಆಲ್ಕಾರ್ನ್, ಕಟ್ಟಿಸಿದವರು ನೋಲನ್ ಬುಶ್ನೆಲ್. ಮೊದಲು ನಾಣ್ಯ ಹಾಕಿ ಆಡುವ ಯಂತ್ರವಾಗಿ ಬಂದ ಅದು 1975ರಲ್ಲಿ ಮನೆಗಳಿಗೂ ಬಂತು. ಇದರಿಂದ ಒಂದು ಮೊಕದ್ದಮೆಯೇ ಹುಟ್ಟಿತು. ಬುಶ್ನೆಲ್ ಅವರು 1972ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಡಿಸ್ಸಿ ಪ್ರದರ್ಶನಕ್ಕೆ ಹೋಗಿ ಈ ಆಟವನ್ನು ನೋಡಿದ್ದರು. ಅಲ್ಲಿನ ಅತಿಥಿಗಳ ಪುಸ್ತಕದಲ್ಲಿ ಅವರ ಸಹಿ ಇತ್ತು. ಇತ್ತ ಬೇಯರ್ ಅವರ ಬಳಿ ತಾರೀಖು ಹಾಕಿದ ಟಿಪ್ಪಣಿಗಳು ಇದ್ದವು. 1976ರಲ್ಲಿ ಅಟಾರಿ ಪರವಾನಗಿ ಪಡೆದು ರಾಜಿ ಮಾಡಿಕೊಂಡಿತು. ಇವರಿಬ್ಬರಲ್ಲಿ ಯಾರು ದೊಡ್ಡವರೆಂದು ತೂಗುವುದು ನನ್ನ ಉದ್ದೇಶವಲ್ಲ, ಆಟವನ್ನು ಲೋಕಕ್ಕೆಲ್ಲ ಪ್ರಿಯವಾಗಿಸಿದ್ದು ಪಾಂಗ್. ಆದರೆ ಯಾರೂ ಕೇಳದಿದ್ದಾಗಲೂ ಅಂದಂದಿನದನ್ನು ಅಂದಂದೇ ಬರೆದಿಟ್ಟ ಲೆಕ್ಕ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೇಯರ್ ಅವರಿಗೆ 2006ರಲ್ಲಿ ಅಮೆರಿಕದ ಅಧ್ಯಕ್ಷರ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆಯಿತು. ಅವರು ತೀರಿಕೊಂಡದ್ದು 2014ರಲ್ಲಿ.

ನಿಜವಾದ ಟೇಬಲ್ ಟೆನ್ನಿಸ್‌ನಲ್ಲಿ ಒಂದು ನಿಯಮ ಇದೆ. ಚೆಂಡು ಮೇಜಿನ ಮೇಲಂಚಿಗೆ ತಾಗಿದರೆ ಅದು ಸರಿಯಾದ ಹೊಡೆತ, ಪಕ್ಕದ ಮೈಗೆ ತಾಗಿದರೆ ಅಲ್ಲ. ಎರಡರ ನಡುವೆ ಕೂದಲೆಳೆಯ ಅಂತರ. ಅದೃಷ್ಟದಿಂದ ಅಂಚಿಗೆ ತಾಗಿ ಅಂಕ ಬಂದರೆ ಆಟಗಾರ ಕೈಯೆತ್ತಿ ಎದುರಾಳಿಯ ಕ್ಷಮೆ ಕೇಳುವ ರೂಢಿಯೂ ಇದೆ. ಸಿಕ್ಕ ಅಂಕಕ್ಕೇ ಕ್ಷಮೆ ಕೇಳುವ ಆಟದಲ್ಲಿ ನಾನು ಸಿಗದ ಅಂಕವನ್ನು ಹನ್ನೊಂದು ವರ್ಷದ ಹುಡುಗನಿಂದ ಕಿತ್ತುಕೊಂಡಿದ್ದೆ.

ಹಾಗಾಗಿ ಆಪಾಗೆ ಫೋನ್ ಮಾಡಿ ಹುಡುಗನನ್ನು ಕರೆಯಲು ಹೇಳಿದೆ. "ಬೇಟಾ, ಅವತ್ತಿನ ಚೆಂಡು ಅಂಚಿಗೆ ತಾಗಿರಲಿಲ್ಲ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನಗೆ ಗೊತ್ತಿತ್ತು ಮಾಮು. ಹಾಗಾದರೆ ಹತ್ತು-ಒಂಬತ್ತು, ನಾನು ಮುಂದೆ. ಮುಂದಿನ ರಜೆಗೆ ಅಲ್ಲಿಂದ ಶುರು ಮಾಡೋಣ" ಎಂದ. ಮೇಜಿನ ಮೇಲೋ ಟಿ.ವಿ.ಯಲ್ಲೋ ಎಂದು ಕೇಳಿದೆ. "ಮೇಜಿನ ಮೇಲೆ" ಎಂದ. ನನ್ನ ಪಾಲಿಗೆ ಯಾವ ಪದಕವೂ ಆ ಉತ್ತರಕ್ಕೆ ಸಮವಲ್ಲ.

ಪ್ರಿಯ ವಿದ್ಯಾರ್ಥಿಗಳೇ, ವಿರಾಮದಲ್ಲಿ ಆಡಿ. ಆಟವನ್ನು ಟಿ.ವಿ.ಯಲ್ಲೇ ಆಡುವುದಾದರೂ ಒಬ್ಬರೇ ಆಡದೆ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಕುಳಿತು ಆಡದೆ ಎದ್ದು ನಿಂತು ಆಡಿ. ಎಷ್ಟು ಹೊತ್ತು ಎಂಬುದನ್ನು ಶುರು ಮಾಡುವ ಮೊದಲೇ ಅಮ್ಮಿಗೆ ಹೇಳಿ, ಆ ಹೊತ್ತಿಗೆ ನೀವೇ ಆರಿಸಿ. ಪೋಷಕರೇ, ಯಂತ್ರವನ್ನು ಕಿತ್ತುಕೊಳ್ಳುವ ಮೊದಲು ಒಂದು ಆಟ ಮಕ್ಕಳ ಜೊತೆ ಆಡಿ ನೋಡಿ. ಆದರೆ ಸೋತರೆ ಸೋತೆ ಎನ್ನಿ.

ಬದುಕಿನ ಹೆಚ್ಚಿನ ಆಟಗಳು ಆ ಹಳೆಯ ಒಡಿಸ್ಸಿಯ ಹಾಗೆಯೇ ಇವೆ, ಅಂಕ ಎಣಿಸುವ ಯಂತ್ರ ಅವುಗಳಲ್ಲಿಲ್ಲ. ಇಂದು ಎಷ್ಟು ಪುಟ ಓದಿದೆ, ಯಾವ ಲೆಕ್ಕವನ್ನು ಗೆಳೆಯನ ನೋಟ್ಸಿನಿಂದ ನಕಲು ಮಾಡಿದೆ ಎಂಬುದು ನಿಮ್ಮೊಬ್ಬರಿಗೇ ಗೊತ್ತು. ನಾವು ಶಿಕ್ಷಕರೂ ಇದಕ್ಕೆ ಹೊರತಲ್ಲ. ಓದದೆಯೇ ಕೆಂಪು ಶಾಯಿಯಲ್ಲಿ ಸಹಿ ಹಾಕಿದ ಕಾಪಿ ಪುಸ್ತಕಗಳು ನನ್ನ ಲೆಕ್ಕದಲ್ಲೂ ಇವೆ. ಈ ವರ್ಷದಿಂದ ಓದಿದ ಪುಟಕ್ಕೆ ಮಾತ್ರ ಸಹಿ ಎಂದು ತೀರ್ಮಾನಿಸಿದ್ದೇನೆ. ತಪ್ಪಿದರೆ ನನ್ನ ವಿದ್ಯಾರ್ಥಿಗಳು ಎದ್ದು ನಿಂತು, "ಸಾರ್, ಅಂಚಿಗೆ ತಾಗಲಿಲ್ಲ" ಎನ್ನಬಹುದು. ಅನುಮತಿ ಇದೆ.