ಕೆರೆಗೆ ಕೋಡಿ, ಕಾರ್ಖಾನೆಗೆ ಸೇಫ್ಟಿ ವಾಲ್ವ್



ನಾನು ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಕೆಮಿಕಲ್ ಎಂಜಿನಿಯರ್. ಕಾರ್ಖಾನೆಯ ಒತ್ತಡದ ಪಾತ್ರೆಗಳಿಗೆ ಎಷ್ಟು ದೊಡ್ಡ ಸೇಫ್ಟಿ ವಾಲ್ವ್ ಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದನ್ನು ನಮ್ಮೂರಿನ ಮಾತಿನಲ್ಲೇ ಹೇಳುತ್ತೇನೆ.

ಕೆರೆಗೆ ತೂಬೂ ಇರುತ್ತದೆ, ಕೋಡಿಯೂ ಇರುತ್ತದೆ. ತೂಬಿನಿಂದ ಬೇಕಾದಷ್ಟೇ ನೀರು ಬಿಡುತ್ತೇವೆ. ಕೋಡಿಯನ್ನು ಯಾರೂ ತೆರೆಯಬೇಕಿಲ್ಲ. ಮಟ್ಟ ಮೀರಿದ ನೀರು ಅಲ್ಲಿ ತಾನೇ ಹರಿದು ಏರಿ ಉಳಿಯುತ್ತದೆ. ಕಾರ್ಖಾನೆಯಲ್ಲಿ ಕಂಟ್ರೋಲ್ ವಾಲ್ವ್ ತೂಬಿನಂತೆ, ಸೇಫ್ಟಿ ವಾಲ್ವ್ ಕೋಡಿಯಂತೆ. ಒತ್ತಡ ಮಿತಿ ಮೀರಿದರೆ ಅದು ಸ್ಪ್ರಿಂಗನ್ನು ತಳ್ಳಿಕೊಂಡು ತಾನೇ ತೆರೆಯುತ್ತದೆ.

ಕೋಡಿ ಎಷ್ಟು ಅಗಲವಿರಬೇಕು? ದಿನನಿತ್ಯದ ಒಳಹರಿವು ನೋಡಿ ಕಟ್ಟಿದರೆ ಸಾಲದು. ಮೇಲಿನ ಕೆರೆಯ ತೂಬು ಕಿತ್ತುಹೋದರೆ ಬರುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮದೂ ಅದೇ ಲೆಕ್ಕ. ಕಂಟ್ರೋಲ್ ವಾಲ್ವ್ ಕೆಟ್ಟು ಪೂರ್ತಿ ತೆರೆದರೆ ಎಷ್ಟು ನುಗ್ಗೀತು? ಅದರಲ್ಲಿ ಮಾಮೂಲಿ ದಾರಿಯಲ್ಲಿ ಎಷ್ಟು ಹೊರಹೋದೀತು? ಉಳಿದದ್ದೆಲ್ಲ ಸೇಫ್ಟಿ ವಾಲ್ವಿನ ಪಾಲು. ಗಾಳಿಯ ಸರಬರಾಜು ನಿಂತರೆ ತಾನೇ ಮುಚ್ಚಿಕೊಳ್ಳುವಂತೆ ಮಾಡಿದ ವಾಲ್ವ್ ಕೂಡ ಕಸ ಸಿಕ್ಕಿ ತೆರೆದೇ ಉಳಿಯಬಹುದು. ಆದ್ದರಿಂದ ಆ ಭರವಸೆಯ ಮೇಲೆ ಗಾತ್ರ ನಿರ್ಧರಿಸುವಂತಿಲ್ಲ.

1987ರ ಮಾರ್ಚ್ 22ರಂದು ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ತೈಲ ಸಂಸ್ಕರಣಾಗಾರದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿ ಸುಮಾರು 155 ಬಾರ್ ಒತ್ತಡದ ಪಾತ್ರೆಯಿಂದ ಸುಮಾರು 9 ಬಾರ್ ಒತ್ತಡದ ಪಾತ್ರೆಗೆ ಕಂಟ್ರೋಲ್ ವಾಲ್ವಿನ ಮೂಲಕ ದ್ರವ ಹರಿಯಬೇಕಿತ್ತು. ವಾಲ್ವ್ ತೆರೆದುಕೊಂಡು ದ್ರವ ಬರಿದಾಯಿತು. ಅದರ ಹಿಂದಿದ್ದ ಅನಿಲ ಅದೇ ದಾರಿಯಲ್ಲಿ ನುಗ್ಗಿತು. ಮಟ್ಟ ಇಳಿದಾಗ ಹರಿವನ್ನು ನಿಲ್ಲಿಸಬೇಕಿದ್ದ ಏರ್ಪಾಡಿನ ಸಂಪರ್ಕವನ್ನು ಮೊದಲೇ ತಪ್ಪಿಸಲಾಗಿತ್ತು. ಎರಡನೆಯ ಪಾತ್ರೆಯ ಸೇಫ್ಟಿ ವಾಲ್ವ್ ಹೊರಗೆ ಬೆಂಕಿ ಬಿದ್ದರೆ ಎಂಬ ಲೆಕ್ಕಕ್ಕೆ ಸಾಲುವಂಥದ್ದು, ಈ ಅನಿಲದ ನುಗ್ಗಿಗೆ ಅಲ್ಲ. ಪಾತ್ರೆ ಸಿಡಿಯಿತು. ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡ.

ಇನ್ನೊಂದು ಮಾತು. ಉತ್ಪಾದನೆ ಹೆಚ್ಚಿಸಲು ಕೆಲವೊಮ್ಮೆ ಕಂಟ್ರೋಲ್ ವಾಲ್ವನ್ನು ದೊಡ್ಡದಕ್ಕೆ ಬದಲಿಸುತ್ತಾರೆ. ಆಗ ಹಳೆಯ ಸೇಫ್ಟಿ ವಾಲ್ವ್ ಸಾಲುತ್ತದೆಯೇ ಎಂದು ಮತ್ತೆ ಲೆಕ್ಕ ಹಾಕಲೇಬೇಕು. ತೂಬು ಹಿಗ್ಗಿಸಿದವರು ಕೆಳಗಿನ ಕೆರೆಯ ಕೋಡಿಯನ್ನೂ ನೋಡಬೇಕಲ್ಲವೇ?

ಮಕ್ಕಳೇ, ನಿಮ್ಮಲ್ಲಿ ಕೆಲವರು ಮುಂದೆ ಐಟಿಐ, ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರುತ್ತೀರಿ. ವಾಲ್ವ್ ಬದಲಾದದ್ದು ಕಂಡರೆ "ಸೇಫ್ಟಿ ವಾಲ್ವಿನ ಲೆಕ್ಕ ಮತ್ತೆ ಆಗಿದೆಯಾ ಸಾರ್?" ಎಂದು ಕೇಳಿ. ಹಾಗೆ ಕೇಳಲು ಎಂಜಿನಿಯರೇ ಆಗಬೇಕಿಲ್ಲ. ಪ್ರಶ್ನೆ ಕೇಳಿದರೆ ಗದರದೆ ಉತ್ತರ ಹೇಳಿದ ಈ ಶಾಲೆಯ ಗುರುಗಳಿಗೆ ವಂದಿಸಿ ನನ್ನ ಮಾತು ಮುಗಿಸುತ್ತೇನೆ.