ಮೀಟರ್ ಜಾಣ ಆದ್ರೆ ಸಾಲದು, ಲೈನೂ ಜಾಣ ಆಗಬೇಕು



ಸ್ಮಾರ್ಟ್ ಮೀಟರ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಜಗಳ. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಅಂತು. ಸಿಂಗಲ್ ಫೇಸ್ ಮೀಟರಿಗೇ ಐದು ಸಾವಿರದ ಆಸುಪಾಸು. ವಿಧಾನಸಭೆಯಲ್ಲಿ ಗದ್ದಲ ಆಯ್ತು, ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಬೆಲೆ ಸರಿಯೋ ತಪ್ಪೋ, ಟೆಂಡರ್ ಸರಿಯೋ ತಪ್ಪೋ, ಅದನ್ನು ತೀರ್ಮಾನ ಮಾಡೋಕೆ ನ್ಯಾಯಾಲಯ ಇದೆ. ಇವತ್ತು ನಾನು ಕೇಳೋ ಪ್ರಶ್ನೆ ಬೇರೆ. ಈ ಜಾಣತನ ನಮ್ಮ ಮನೆ ಗೋಡೆಯಿಂದಲೇ ಯಾಕೆ ಶುರುವಾಗಬೇಕು? ಬೀದಿ ಕೊನೆಯ ಕಂಬದಿಂದ ಯಾಕೆ ಶುರುವಾಗಬಾರದು?

ತುಮಕೂರು ಜಿಲ್ಲೆಯನ್ನೇ ನೋಡಿ. ತುಮಕೂರು ನಗರ 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಪಕ್ಕದಲ್ಲೇ ವಸಂತನರಸಾಪುರದ ಕೈಗಾರಿಕೆಗಳು. ಗುಬ್ಬಿಯಲ್ಲಿ ತೆಂಗು, ಅಡಿಕೆ; ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ಕುಣಿಗಲ್‌ನಲ್ಲಿ ಒಂದು ಕಡೆ ಅಂಚೇಪಾಳ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ರಾಗಿ ಹೊಲ, ಬೋರ್‌ವೆಲ್. ಇವರೆಲ್ಲರಿಗೂ ಕರೆಂಟು ಕೊಡೋದು ಒಂದೇ ಕಂಪನಿ, ಬೆಸ್ಕಾಂ. 2002ರಲ್ಲಿ ಹುಟ್ಟಿದ್ದು. ಹಳ್ಳಿ ಜನ ಇವತ್ತಿಗೂ ಅದನ್ನ ಕೆಇಬಿ ಅಂತಲೇ ಕರೀತಾರೆ. ಹೆಸರು ಬದಲಾಯ್ತು, ಅನುಭವ ಬದಲಾಗಲಿಲ್ಲ ಅಂತ ತಾನೇ ಅರ್ಥ?

ಗುಬ್ಬಿ ಕಡೆಯ ಒಬ್ಬ ತೆಂಗಿನ ಬೆಳೆಗಾರ ಅಂದ್ಕೊಳ್ಳಿ. ಬೇಸಿಗೆ. ಟಿಸಿ ಸುಟ್ಟುಹೋಯ್ತು. ಅದು ಸುಟ್ಟಿದ್ದು ಮೊದಲು ಯಾರಿಗೆ ಗೊತ್ತಾಗುತ್ತೆ? ಕಂಪನಿಗಲ್ಲ, ರೈತನಿಗೆ. ಆತ ಲೈನ್‌ಮನ್‌ಗೆ ಫೋನ್ ಮಾಡಬೇಕು, 1912ಕ್ಕೆ ಫೋನ್ ಮಾಡಬೇಕು. ನಗರದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಒಳಗೆ ಟಿಸಿ ಬದಲಾಯಿಸಬೇಕು ಅನ್ನೋದು ವಿದ್ಯುತ್ ನಿಯಂತ್ರಣ ಆಯೋಗದ ನಿಯಮ. ಆದರೆ ಆ ಗಡಿಯಾರ ಓಡೋಕೆ ಶುರುವಾಗೋದು ಯಾವಾಗಿಂದ? ಟಿಸಿ ಸುಟ್ಟ ಹೊತ್ತಿಂದಲೋ, ದೂರು ಪುಸ್ತಕದಲ್ಲಿ ಬರೆದುಕೊಂಡ ಹೊತ್ತಿಂದಲೋ? ಗಿಡ ಒಣಗೋದು ಮಾತ್ರ ಟಿಸಿ ಸುಟ್ಟ ಹೊತ್ತಿಂದಲೇ.

ಸ್ಮಾರ್ಟ್ ಗ್ರಿಡ್ ಅನ್ನೋದು ಇಲ್ಲಿ ಕೆಲಸಕ್ಕೆ ಬರಬೇಕು. ಟಿಸಿಗೇ ಒಂದು ಮೀಟರ್ ಕೂರಿಸಿ. ಎಷ್ಟು ಲೋಡ್ ಬೀಳ್ತಿದೆ, ವೋಲ್ಟೇಜ್ ಎಷ್ಟಿದೆ, ಯಾವ ಫೇಸ್ ಹೋಗಿದೆ, ಎಲ್ಲವನ್ನೂ ಅದು ತಾನಾಗೇ ಕಚೇರಿಗೆ ಕಳಿಸುತ್ತೆ. ಹೊರೆ ಮಿತಿ ಮೀರ್ತಾ ಇದ್ರೆ ಸುಡೋದಕ್ಕೆ ಮೊದಲೇ ಗೊತ್ತಾಗುತ್ತೆ. ರೈತ ಫೋನ್ ಮಾಡೋ ಮುಂಚೆ ಎಂಜಿನಿಯರ್ ಮುಂದೆ ಕೆಂಪು ದೀಪ ಹತ್ತುತ್ತೆ.

ಇದು ಕನಸಲ್ಲ ಸ್ವಾಮಿ. ದೇಶದ ಮೊದಲ 14 ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಆಯ್ತು. ಸೆಸ್ಕ್ ಕಂಪನಿ ವಿ.ವಿ. ಮೊಹಲ್ಲಾ ವಿಭಾಗದ 21 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಅದಕ್ಕೆ ಆರಿಸಿಕೊಂಡಿತ್ತು. ಮನೆ, ಅಂಗಡಿ, ಕಾರ್ಖಾನೆ ಮಾತ್ರ ಅಲ್ಲ, ಪಂಪ್‌ಸೆಟ್ಟುಗಳೂ ಅದರಲ್ಲಿದ್ದವು. ಇತ್ತ ಬೆಂಗಳೂರಿನಲ್ಲಿ ಇದೇ ಬೆಸ್ಕಾಂ, ಜಪಾನಿನ ಜೈಕಾ ಸಾಲ ತಂದು, ಒಂದೇ ಕಡೆ ಕೂತು ನಗರದ ಲೈನುಗಳನ್ನು ನೋಡುವ, ಸ್ವಿಚ್ ಮಾಡುವ ವ್ಯವಸ್ಥೆ ಕಟ್ಟಿಕೊಂಡಿತು. ಸಂತೋಷ. ರಾಜಧಾನಿಯ ಲೈನಿಗೆ ಕಣ್ಣು ಬಂತು. ಗುಬ್ಬಿ, ಕುಣಿಗಲ್ ಹಳ್ಳಿಗಳ ಲೈನಿಗೂ ಅಂಥದೇ ಕಣ್ಣು ಬೇಡವಾ?

ಇನ್ನೊಂದು ಮುಖ್ಯ ವಿಷಯ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬಹುಪಾಲು ಪಂಪ್‌ಸೆಟ್ಟಿಗೆ ಮೀಟರ್ ಇಲ್ಲ. ರೈತ ಎಷ್ಟು ಬಳಸಿದ ಅನ್ನೋದು ಅಂದಾಜು. ಆ ಅಂದಾಜಿನ ಮೇಲೆ ಸರ್ಕಾರ ಸಾವಿರಾರು ಕೋಟಿ ಸಬ್ಸಿಡಿ ಕಟ್ಟುತ್ತೆ. ಈಗ ಯೋಚನೆ ಮಾಡಿ. ಹಳೇ ತಂತಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಕದ್ದಿದ್ದು, ಲೆಕ್ಕಕ್ಕೆ ಸಿಗದೇ ಹೋಗಿದ್ದು, ಇದರಲ್ಲಿ ಎಷ್ಟು ಪಾಲು ರೈತನ ಖಾತೆಗೆ ಬಿದ್ದಿರಬಹುದು? ಬೈಸಿಕೊಳ್ಳೋನು ರೈತ. 'ಪುಕ್ಕಟೆ ಕರೆಂಟು ಕೊಟ್ಟೇ ಕಂಪನಿ ಮುಳುಗ್ತು' ಅಂತ ನಗರದಲ್ಲಿ ಕೂತು ಮಾತಾಡೋರಿಗೂ ನಿಜವಾದ ಲೆಕ್ಕ ಗೊತ್ತಿಲ್ಲ. ಫೀಡರ್‌ಗೆ, ಟಿಸಿಗೆ ಸರಿಯಾದ ಮೀಟರ್ ಇದ್ದರೆ, ಪಂಪ್‌ಸೆಟ್ಟನ್ನು ಮುಟ್ಟದೆಯೂ ಒಂದೊಂದು ಟಿಸಿ ಕೆಳಗೆ ಎಷ್ಟು ಕರೆಂಟು ಹೋಯ್ತು ಅನ್ನೋದು ತಿಳಿಯುತ್ತೆ. ಸೋರಿಕೆ ಎಲ್ಲಿ ಅನ್ನೋದೂ ಬಯಲಾಗುತ್ತೆ. ಬಯಲಾಗೋದು ಯಾರಿಗೆ ಬೇಡವೋ ಅವರು ಮಾತ್ರ ಇದಕ್ಕೆ ಹೆದರಬೇಕು.

ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಮಧ್ಯಾಹ್ನ ಅಲ್ಲಿ ಕರೆಂಟು ಉಕ್ಕುತ್ತೆ, ಸಂಜೆ ಸೂರ್ಯ ಮುಳುಗಿದ ಮೇಲೆ ಬರಿದಾಗುತ್ತೆ. ದೀಪ, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೇ ಬೇಡೋದು ಆಗಲೇ. ಬಿಸಿಲಿದ್ದಾಗ ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್ ಕೊಟ್ಟರೆ ಉತ್ಪಾದನೆಗೂ ಬಳಕೆಗೂ ತಾಳೆ ಆಗುತ್ತೆ. ರೈತ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವು ತುಳಿಯೋ ಭಯದಲ್ಲಿ ಮೋಟಾರ್ ಹಾಕೋಕೆ ಹೋಗೋದು ತಪ್ಪುತ್ತೆ. ಆ ತಾಳೆ ಹಾಕೋಕೆ ಯಾವ ಲೈನಿನಲ್ಲಿ ಯಾವ ಹೊತ್ತಿಗೆ ಎಷ್ಟು ಬೇಡಿಕೆ ಅನ್ನೋ ಲೆಕ್ಕ ಬೇಕೇ ಬೇಕು.

ಕೇಂದ್ರ ಸರ್ಕಾರ 2021ರಲ್ಲಿ ಮೂರು ಲಕ್ಷ ಕೋಟಿಗೂ ಹೆಚ್ಚಿನ ಯೋಜನೆ ಮಾಡಿ, 25 ಕೋಟಿ ಪ್ರೀಪೇಯ್ಡ್ ಮೀಟರ್ ಗುರಿ ಇಟ್ಟುಕೊಂಡಿತು. ನಾನು ಸ್ಮಾರ್ಟ್ ಮೀಟರ್ ವಿರೋಧಿ ಅಲ್ಲ. ಆದರೆ ಒಂದು ಮಾತು. ನಾನು ದುಡ್ಡು ಕಟ್ಟದಿದ್ದರೆ ದೂರದಲ್ಲೇ ಕೂತು ನನ್ನ ಮನೆ ಕರೆಂಟು ಕಡಿಯೋ ಶಕ್ತಿ ಆ ಮೀಟರಿಗಿದೆ. ಹಾಗಾದ್ರೆ ನೀವು ಕರೆಂಟು ಕೊಡದಿದ್ದಾಗ ಎಷ್ಟು ಗಂಟೆ ಕೊಡಲಿಲ್ಲ ಅಂತ ಅದೇ ಮೀಟರ್ ಬರೆದಿಡಲಿ. ಆ ಲೆಕ್ಕ ಬಿಲ್ಲಿನಲ್ಲೇ ಬರಲಿ. ನಿಯಮ ಮೀರಿದ್ದಕ್ಕೆ ಪರಿಹಾರ, ಅರ್ಜಿ ಇಲ್ಲದೆ, ಅಲೆದಾಟ ಇಲ್ಲದೆ, ಅದೇ ಬಿಲ್ಲಿನಲ್ಲಿ ಕಡಿತ ಆಗಲಿ. ಯಾವ ಫೀಡರ್‌ನಲ್ಲಿ ಎಷ್ಟು ಸಲ ಕರೆಂಟು ಹೋಯ್ತು ಅನ್ನೋದನ್ನು ಪ್ರತಿ ತಿಂಗಳು ಪಂಚಾಯ್ತಿ ಬೋರ್ಡಿನಲ್ಲಿ ಹಾಕಲಿ.

ತಕ್ಕಡಿಗೆ ಎರಡು ತಟ್ಟೆ ಇರುತ್ತೆ. ಒಂದೇ ತಟ್ಟೆ ಇದ್ರೆ ಅದು ತಕ್ಕಡಿ ಅಲ್ಲ, ವಸೂಲಿ. ನಿಮ್ಮೂರಿಗೆ ಸ್ಮಾರ್ಟ್ ಮೀಟರ್ ಹೊತ್ತು ತಂದವರನ್ನು ಜಗಳ ಆಡದೆ ಒಂದೇ ಪ್ರಶ್ನೆ ಕೇಳಿ: ನಮ್ಮ ಟಿಸಿಗೆ ಯಾವಾಗ ಹಾಕ್ತೀರಿ?