ಫ್ರಿಜ್ಜಿನೊಳಗಿನ ಗಾಳಿ ಮತ್ತು ನಮ್ಮ ದನದ ಲಸಿಕೆ

(ಕರಿಕೆಯಲ್ಲಿ ಸೇರಿದ್ದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಇವತ್ತು ನಾನು ಮೇವಿನ ವಿಷಯವನ್ನಾಗಲಿ ಕೆಚ್ಚಲು ಬಾವಿನ ವಿಷಯವನ್ನಾಗಲಿ ಹೇಳುವುದಿಲ್ಲ. ಫ್ರಿಜ್ಜಿನ ವಿಷಯ ಹೇಳುತ್ತೇನೆ. ದನದ ಡಾಕ್ಟರಿಗೆ ಫ್ರಿಜ್ಜಿನ ಉಸಾಬರಿ ಏಕೆ ಎಂದು ಹಿಂದಿನ ಸಾಲಿನವರು ನಗುತ್ತಿದ್ದೀರಿ. ಕಾರಣ ಉಂಟು, ಕೇಳಿ.

ಭಾಗಮಂಡಲದಿಂದ ಘಾಟಿ ಇಳಿದು ಲಸಿಕೆ ಇಲ್ಲಿಗೆ ಬರುವುದು ಐಸ್ ತುಂಬಿದ ಡಬ್ಬಿಯಲ್ಲಿ. ಶಿಬಿರ ಬೆಳಿಗ್ಗೆ ಬೇಗ ಶುರುವಾಗಬೇಕಾದರೆ ಹಿಂದಿನ ರಾತ್ರಿ ಅದನ್ನು ಯಾರದಾದರೂ ಮನೆಯ ಫ್ರಿಜ್ಜಿನಲ್ಲಿ ಇಡಲೇಬೇಕು. ನಾನು ನೌಕರಿಗೆ ಸೇರಿದ ಎರಡನೇ ವರ್ಷ ಬೇರೊಂದು ಊರಿನಲ್ಲಿ ಹಾಗೆಯೇ ಇಟ್ಟಿದ್ದೆ. ಗಳಲೆ ರೋಗದ ಲಸಿಕೆ, ಮಳೆಗಾಲಕ್ಕೆ ಮುಂಚಿನದು. ಆ ಮನೆಯವರು ಶುಚಿಗೆಂದು ಫ್ರಿಜ್ಜಿನ ತಂತಿಯ ತಟ್ಟೆಗಳ ಮೇಲೆಲ್ಲ ಪೇಪರು ಹಾಸಿದ್ದರು. ಕೆಳಗೆ ತಣ್ಣಗಾಗುವುದಿಲ್ಲವೆಂದು ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿದ್ದರು. ನಾನು ಮೇಲಿನ ತಟ್ಟೆಯಲ್ಲಿ, ಐಸ್ ಪೆಟ್ಟಿಗೆಗೆ ತಾಗಿಸಿ ಸೀಸೆಗಳನ್ನಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಕೆಲವು ಸೀಸೆಗಳು ಗಟ್ಟಿಯಾಗಿದ್ದವು. ಕರಗಿದರೆ ಸರಿಹೋದೀತು ಎಂದುಕೊಂಡು ಅದನ್ನೇ ಚುಚ್ಚಿದೆ. ಆ ಮಳೆಗಾಲದಲ್ಲಿ ಅಲ್ಲಿ ಎರಡು ದನ, ಒಂದು ಎಮ್ಮೆ ಗಂಟಲು ಬಾತು ಸತ್ತವು. ನನ್ನ ಲಸಿಕೆಯಿಂದಲೇ ಹಾಗಾಯಿತು ಎಂದು ಸಾಬೀತು ಮಾಡಲಾಗದು. ಅಲ್ಲವೆಂದು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ.

ಆ ಲಸಿಕೆಯಲ್ಲಿ ಪಟಿಕದ ಅಂಶ ಬೆರೆತಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಚೂರುಚೂರಾಗಿ ಒಡೆದುಕೊಳ್ಳುತ್ತದೆ. ಕುಲುಕಿ ಇಟ್ಟರೆ ಒಳ್ಳೆಯ ಸೀಸೆಗಿಂತ ಬೇಗ ತಳಕ್ಕೆ ಇಳಿಯುತ್ತದೆ. ಕಾಲುಬಾಯಿ ಲಸಿಕೆಯಲ್ಲಿ ಎಣ್ಣೆ ಇರುವುದರಿಂದ ಹೆಪ್ಪುಗಟ್ಟಿದರೆ ಎಣ್ಣೆ ಬೇರೆ, ನೀರು ಬೇರೆ. ಎರಡಕ್ಕೂ ಬೇಕಾದದ್ದು 2ರಿಂದ 8 ಡಿಗ್ರಿ. ಬಿಸಿಯಾದರೆ ಲಸಿಕೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಅತಿ ತಂಪಿಗೂ ಕೆಡುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಈಗ ಪೇಪರು ಏನು ಮಾಡಿತು ನೋಡೋಣ. ಒಲೆಯ ಹೊಗೆ ಅಟ್ಟಕ್ಕೆ ಏರುತ್ತದೆ, ಏಕೆಂದರೆ ಬಿಸಿ ಗಾಳಿ ಹಗುರ. ಚಳಿಗಾಲದ ಬೆಳಗ್ಗೆ ಗುಡ್ಡದ ತಲೆಗಿಂತ ಕೆಳಗಿನ ಗದ್ದೆ ಬಯಲಿನಲ್ಲೇ ಹೆಚ್ಚು ಕೊರೆಯುತ್ತದೆ, ಏಕೆಂದರೆ ತಣ್ಣನೆಯ ಗಾಳಿ ಭಾರ, ನೀರಿನಂತೆ ತಗ್ಗಿಗೆ ಇಳಿಯುತ್ತದೆ. 5 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ 30 ಡಿಗ್ರಿಯ ಗಾಳಿಗಿಂತ ಸುಮಾರು 100 ಗ್ರಾಂ ಹೆಚ್ಚು ತೂಗುತ್ತದೆ. ಒಂದು ಬಾಗಿಲಿನ ಹಳೆಯ ಮಾದರಿಯ ಫ್ರಿಜ್ಜಿನಲ್ಲಿ ಐಸ್ ಪೆಟ್ಟಿಗೆಯನ್ನು ಮೇಲೆ ಇಟ್ಟಿರುವುದು ಇದಕ್ಕೇ. ಅಲ್ಲಿ ತಂಪಾದ ಗಾಳಿ ತಟ್ಟೆಗಳ ಸಂದಿನಿಂದ ಕೆಳಗಿಳಿಯುತ್ತದೆ, ಸಾಮಾನಿನ ಬಿಸಿ ಹೀರಿ ಹಗುರಾಗಿ ಮತ್ತೆ ಮೇಲೇರುತ್ತದೆ. ಸಂದು ಮುಚ್ಚಿದರೆ ಈ ಸುತ್ತಾಟ ನಿಲ್ಲುತ್ತದೆ. ಆಗ ಮೇಲೆ ಹೆಪ್ಪು, ಕೆಳಗೆ ಬೆಚ್ಚಗೆ. ಆದ್ದರಿಂದ ಪೇಪರು, ಪ್ಲಾಸ್ಟಿಕ್ಕು, ಬಟ್ಟೆ ಏನನ್ನೂ ತಟ್ಟೆಗೆ ಹಾಸಬೇಡಿ. ಲಸಿಕೆಗೆ ನಡುವಿನ ತಟ್ಟೆಯೇ ಸರಿ, ಹಿಂದಿನ ಗೋಡೆಗೆ ತಾಗದಂತೆ. ಫ್ಯಾನ್ ಇರುವ ಹೊಸ ಫ್ರಿಜ್ಜಾದರೆ ಗಾಳಿ ಬರುವ ಕಿಂಡಿಯ ಎದುರಿಗೆ ಬೇಡ. ಬಾಗಿಲಿನ ಅರೆಯಲ್ಲಿ ಅಂತೂ ಬೇಡವೇ ಬೇಡ. ಬಾಗಿಲು ತೆರೆದಾಗ ನಿಮ್ಮ ಕಾಲಿಗೆ ತಣ್ಣಗೆ ತಾಗುತ್ತದಲ್ಲ, ಅದು ಒಳಗಿನ ಭಾರದ ಗಾಳಿ ಹೊರಗೆ ಚೆಲ್ಲುತ್ತಿರುವುದು. ಅದರ ಬದಲು ಮೇಲಿನಿಂದ ಬಿಸಿ ಗಾಳಿ ನುಗ್ಗುತ್ತದೆ, ಮೊದಲ ಪೆಟ್ಟು ಬಾಗಿಲಿನ ಸಾಮಾನಿಗೆ. ನಮ್ಮ ಇಲಾಖೆಯ ಲಸಿಕೆ ಪೆಟ್ಟಿಗೆಗಳ ಮುಚ್ಚಳ ಮೇಲ್ಗಡೆ ಇರುವುದೂ ಇದಕ್ಕೇ. ತೆರೆದರೂ ತಂಪು ಬಾವಿಯ ನೀರಿನಂತೆ ಒಳಗೇ ನಿಲ್ಲುತ್ತದೆ.

ಫ್ರಿಜ್ಜಿನ ಹೊರಗೂ ಗಾಳಿಯ ಕೆಲಸ ಇದೆ. ಒಳಗಿಂದ ತೆಗೆದ ಬಿಸಿಯನ್ನು ಹಿಂಬದಿಯ ಕಪ್ಪು ಕೊಳವೆ ಹೊರಗೆ ಬಿಡುತ್ತದೆ. ಗೋಡೆಗೆ ಒತ್ತಿ ಇಟ್ಟರೆ, ಅಥವಾ ಸಂದಿಗೆ ಗೋಣಿ ತುರುಕಿದರೆ, ಆ ಬಿಸಿ ಮೇಲೇರಿ ಹೋಗಲು ದಾರಿ ಇರುವುದಿಲ್ಲ. ಒಂದು ಗೇಣು ಬಿಡಿ.

ಇನ್ನು ಹಾಲು. ಕರೆದ ಹಾಲು ಸುಮಾರು 38 ಡಿಗ್ರಿ ಇರುತ್ತದೆ. ಅದನ್ನು ಕ್ಯಾನು ಸಮೇತ ಫ್ರಿಜ್ಜಿಗೆ ತಳ್ಳಿದರೆ ಹಾಲಿಗೂ ಪ್ರಯೋಜನವಿಲ್ಲ, ಲಸಿಕೆಗೂ ಕೇಡು. ಗಾಳಿ ಬಿಸಿಯನ್ನು ಬಹಳ ನಿಧಾನವಾಗಿ ಹೀರುತ್ತದೆ, ನೀರು ಬೇಗ. ಕರಿಕೆಯಲ್ಲಿ ತೋಡಿಗೆ ಬರವಿಲ್ಲ. ಕ್ಯಾನನ್ನು ಕುತ್ತಿಗೆಯವರೆಗೆ ಹರಿಯುವ ನೀರಿನಲ್ಲಿ ನಿಲ್ಲಿಸಿ, ಆಗಾಗ ಶುದ್ಧವಾದ ಸೌಟಿನಿಂದ ಕಲಕಿ. ನೀರಿಗಿಂತ ತಂಪಾಗದು ನಿಜ, ಸಂಘದ ಕೂಲರಿನ 4 ಡಿಗ್ರಿಗೆ ಇದು ಸಮವಲ್ಲ. ಆದರೂ ಹಾಲು ಒಡೆಯುವ ಮೊದಲು ಸಂಘ ತಲುಪಲು ಆ ಮೊದಲ ಅರ್ಧ ಗಂಟೆಯ ತಂಪು ಬಹಳ ಮುಖ್ಯ.

ಮಳೆಗಾಲದ ಕರೆಂಟಿನ ಕಥೆ ನಾನು ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದ ದಿನಗಳು ನಿಮಗೆ ನೆನಪಿರಬೇಕು. ಜೂನ್ ಬರುವ ಮೊದಲೇ ಐಸ್ ಪೆಟ್ಟಿಗೆಯಲ್ಲಿ ಎರಡು ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಇಡಿ. ಕರೆಂಟು ಹೋದರೂ ತಂಪು ಮೇಲಿಂದಲೇ ಇಳಿಯುತ್ತಿರುತ್ತದೆ. ಒಂದು ಕಿಲೋ ಐಸ್ ಕರಗುವಾಗ ಹೀರುವ ಬಿಸಿ ಇಪ್ಪತ್ತು ಲೀಟರ್ ನೀರನ್ನು 4 ಡಿಗ್ರಿ ತಂಪು ಮಾಡುವಷ್ಟು. ಆದರೆ ಕರೆಂಟು ಬಂತೋ ಎಂದು ಬಾಗಿಲು ತೆರೆದು ನೋಡುವ ಅಭ್ಯಾಸ ಮಾತ್ರ ಬಿಡಬೇಕು. ದೀಪದ ಸ್ವಿಚ್ಚು ಹಾಕಿದರೂ ಗೊತ್ತಾಗುತ್ತದಲ್ಲ!

ಮುಂದಿನ ಶಿಬಿರಕ್ಕೆ ಯಾರ ಮನೆಯಲ್ಲಿ ಲಸಿಕೆ ಇಡಬಹುದೆಂದು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಿಗೆ ತಿಳಿಸಿ. ಎರಡು ದಿನ ಮುಂಚೆ ನಾನೇ ಥರ್ಮಾಮೀಟರು ತಂದು ನಡುವಿನ ತಟ್ಟೆಯಲ್ಲಿ ಇಟ್ಟುಹೋಗುತ್ತೇನೆ. ಬೆಳಿಗ್ಗೆ, ಸಂಜೆ ನೋಡಿ ಅಂಕಿ ಬರೆದಿಡಿ. ಸೀಸೆ ಗಟ್ಟಿಯಾಗಿದ್ದು ಕಂಡರೆ ನನಗೆ ಹೇಳಿ, ಬೇಸರಪಡುವುದಿಲ್ಲ. ಅದನ್ನು ಎಸೆದು ಬೇರೆ ತರಿಸೋಣ.